ಸೆಲ್ಯೂಟ್ ಬಿಟ್ಟು ಕೈಮುಗಿಯುವ ಕೆಲಸ

ಪಂಚಾಯಿತಿ ಚುನಾವಣೆಯ ಸುದ್ದಿ ಏಳುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಯಾವುದಾದರೂ ಮೂಲೆಯಿಂದ ನನಗೆ ಫೋನ್ ಬರುತ್ತದೆ. ಆಚೆ ಕಡೆ ಇರುವವರು ನಿವೃತ್ತಿಯಾಗಿ ಊರಿಗೆ ಬಂದ ಒಬ್ಬ ನಾಯಕ್ ಅಥವಾ ಹವಾಲ್ದಾರ್. "ಅಣ್ಣಾ, ಎಲ್ಲರೂ ನಿಲ್ಲಿ ನಿಲ್ಲಿ ಅಂತಿದ್ದಾರೆ. ನಮ್ಮಂಥವರಿಗೆ ರಾಜಕೀಯ ಆದೀತಾ ಮಾರಾಯ್ರೆ?" ನಾನೂ ಹವಾಲ್ದಾರನಾಗಿಯೇ ಮನೆಗೆ ಬಂದವನು. ಬಂದ ಮೇಲೆ ಗ್ರಾಮ ಪಂಚಾಯಿತಿ ಸದಸ್ಯನಾದೆ, ಅಧ್ಯಕ್ಷನಾದೆ, ಆಮೇಲೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಬೂತುಗಳನ್ನು ನೋಡಿಕೊಂಡೆ. ಯಾವ ಪಕ್ಷ ಎಂಬುದು ಇಲ್ಲಿ ಬೇಡ, ಊರಿನವರಿಗೆ ಗೊತ್ತಿದೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಬರೆದಿಟ್ಟಿದ್ದೇನೆ. ಮಂತ್ರಿಯಾಗುವ ಆಸೆಯೇ ಇದ್ದವರು ನೇರ ಐದನೆಯದಕ್ಕೆ ಹೋಗಬಹುದು. ಎರಡನೆಯದನ್ನು ಮಾತ್ರ ಬಿಡಬೇಡಿ.

1. ಪಟ್ಟಿಯಲ್ಲಿ ನಮ್ಮ ರ‍್ಯಾಂಕಿನವರು ಸಿಗುವುದು ಅಪರೂಪ

ಸೈನ್ಯದಿಂದ ಬಂದು ಮಂತ್ರಿಯಾದವರು ಯಾರೆಂದು ಕೇಳಿದರೆ ಹೆಸರುಗಳು ಬೇಗ ಬರುತ್ತವೆ. ಮೇಜರ್ ಜಸ್ವಂತ್ ಸಿಂಗ್ ವಿದೇಶಾಂಗ, ಹಣಕಾಸು, ರಕ್ಷಣೆ ಮೂರೂ ಖಾತೆ ಕಂಡವರು. ಮೇಜರ್ ಜನರಲ್ ಬಿ.ಸಿ. ಖಂಡೂರಿ ವಾಜಪೇಯಿ ಸರಕಾರದಲ್ಲಿ ಹೆದ್ದಾರಿ ಮಂತ್ರಿ, ಆಮೇಲೆ ಉತ್ತರಾಖಂಡದ ಮುಖ್ಯಮಂತ್ರಿ. ವಾಯುಪಡೆಯ ರಾಜೇಶ್ ಪೈಲಟ್, ಕ್ಯಾಪ್ಟನ್ ಅಮರಿಂದರ್ ಸಿಂಗ್, ಕರ್ನಲ್ ರಾಜ್ಯವರ್ಧನ್ ರಾಥೋಡ್, ಸೇನಾ ಮುಖ್ಯಸ್ಥರೇ ಆಗಿದ್ದ ಜನರಲ್ ವಿ.ಕೆ. ಸಿಂಗ್. ಇನ್ನೊಮ್ಮೆ ಓದಿ ನೋಡಿ, ಎಲ್ಲರೂ ಅಧಿಕಾರಿಗಳು. ನಮ್ಮ ಕಡೆಯೂ ಹಾಗೆಯೇ. ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದ ಗಣೇಶ್ ಕಾರ್ಣಿಕ್ ಕ್ಯಾಪ್ಟನ್. 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಗೆದ್ದ, ಗೂರ್ಖಾ ರೈಫಲ್ಸ್‌ನಲ್ಲಿದ್ದ ಬ್ರಿಜೇಶ್ ಚೌಟರೂ ಕ್ಯಾಪ್ಟನ್. ಅವರ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಪುತ್ತೂರೂ ಸುಳ್ಯವೂ ಸೇರಿವೆ. ಕಡಬದ ಹೆಚ್ಚಿನ ಗ್ರಾಮಗಳು ಸುಳ್ಯದ ಲೆಕ್ಕಕ್ಕೆ ಬರುತ್ತವೆ.

ಫ್ಲೆಕ್ಸಿನಲ್ಲಿ 'ಕ್ಯಾಪ್ಟನ್' ಎಂಬ ಮೂರಕ್ಷರ ಹೆಸರಿನ ಮುಂದೆ ಗಟ್ಟಿಯಾಗಿ ಕೂರುತ್ತದೆ. 'ಹವಾಲ್ದಾರ್' ಎಂದು ಹಾಕಿಸಿ ನೋಡಿ, ಪೊಲೀಸ್ ಠಾಣೆಯವರೆಂದು ತಿಳಿಯುವವರೇ ಜಾಸ್ತಿ. ಸಿಪಾಯಿ ಮಟ್ಟದಿಂದ ಮಂತ್ರಿಯಾದವರು ಇಲ್ಲವೆಂದಲ್ಲ. ಉತ್ತರಾಖಂಡದ ಗಣೇಶ್ ಜೋಶಿ ಗಢವಾಲ್ ರೈಫಲ್ಸ್‌ನಲ್ಲಿ ಜವಾನರಾಗಿದ್ದು, ಸೈನಿಕ ಕಲ್ಯಾಣದ ಮಂತ್ರಿಯಾದರು. ಆದರೆ ಅಲ್ಲಿ ಹಳ್ಳಿಹಳ್ಳಿಯಲ್ಲೂ ಫೌಜಿ ಮನೆಗಳು ತುಂಬಿವೆ. ನಮ್ಮಲ್ಲಿ ಊರಿಗೆ ಕೆಲವೇ ಮನೆ.

ನಮ್ಮ ಮೂರು ತಾಲೂಕುಗಳ ಮಣ್ಣಿನಿಂದ ಮಂತ್ರಿಯಾದವರನ್ನೂ ನೋಡಿ. ಸುಳ್ಯದ ಮಂಡೆಕೋಲಿನ ಡಿ.ವಿ. ಸದಾನಂದ ಗೌಡರು ವಕೀಲರು. ಚಾರ್ವಾಕದ ಶೋಭಾ ಕರಂದ್ಲಾಜೆ ಸಂಘಟನೆಯಿಂದ ಬಂದವರು. ಎಸ್. ಅಂಗಾರರು ಕೂಲಿ ಕೆಲಸ ಮಾಡಿ ಬೆಳೆದವರು. ಯಾರೂ ಬಂದೂಕು ಹಿಡಿದವರಲ್ಲ. ಆದ್ದರಿಂದ ಫೋನ್ ಮಾಡಿದವರಿಗೆ ನಾನು ಮೊದಲು ಹೇಳುವುದು ಇದು: ನಿಮ್ಮ ಹದಿನೇಳು ವರ್ಷದ ಸರ್ವಿಸ್ ಜನರಿಗೆ ಗೌರವದ ವಿಷಯ, ಮತ ಹಾಕಲು ಕಾರಣವಲ್ಲ. ಸ್ವಾತಂತ್ರ್ಯ ದಿನಕ್ಕೆ ಶಾಲು ಹೊದೆಸಿದವರೇ ಚುನಾವಣೆಯ ದಿನ ಬೇರೆ ಲೆಕ್ಕ ಹಾಕುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

2. ಮೊದಲು ಕಂದಾಯ ಕಲಿಯಿರಿ

ಆಯುಧ ಹಿಡಿದವರು ಆಡಳಿತಕ್ಕೆ ಕೈಹಾಕಿದ ಕಥೆ ನಮ್ಮೂರಿಗೆ ಹೊಸದಲ್ಲ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದಾಗ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಿನಲ್ಲಿ ಕೊಡಿ ಎಂದರು. ಮೂರೇ ವರ್ಷಕ್ಕೆ, 1837ರ ಏಪ್ರಿಲಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವದಲ್ಲಿ ರೈತರ ದಂಡು ಸುಳ್ಯದಿಂದ ಹೊರಟು, ಬೆಳ್ಳಾರೆಯ ಖಜಾನೆ ಹಿಡಿದು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಮಂಗಳೂರು 13 ದಿನ ಅವರ ಕೈಯಲ್ಲಿತ್ತು. ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಇದೆ. ನಮ್ಮವರು ಅದನ್ನು ಶೌರ್ಯದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಕಂದಾಯ. ಈ ಸೀಮೆಯ ಮನುಷ್ಯ ದೇಶದ ಮಾತಿಗೆ ಚಪ್ಪಾಳೆ ತಟ್ಟುತ್ತಾನೆ, ಜಾಗದ ಮಾತಿಗೆ ಮನೆಯಿಂದ ಹೊರಡುತ್ತಾನೆ.

ಇಂದಿಗೂ ಶಾಸಕರ ಕಚೇರಿಯ ಮುಂದೆ ಬೆಳಿಗ್ಗೆ ನಿಂತವರ ಕೈಯ ಕಾಗದ ಬಿಡಿಸಿ ನೋಡಿ. ಕುಮ್ಕಿ, ಅಕ್ರಮ ಸಕ್ರಮ, ನಮೂನೆ 57, 94ಸಿ, ಪ್ಲಾಟಿಂಗ್, ಡೀಮ್ಡ್ ಫಾರೆಸ್ಟ್. ಇವು ಅರ್ಥವಾಗದವನು ಇಲ್ಲಿ ರಾಜಕೀಯ ಮಾಡಲಾರ. ಕುಮ್ಕಿಯನ್ನೇ ತೆಗೆದುಕೊಳ್ಳಿ. ವರ್ಗ (ಸ್ವಂತ ಪಟ್ಟಾ) ಜಾಗದ ಸುತ್ತಲಿನ ನೂರು ಗಜದೊಳಗಿನ ಸರಕಾರಿ ಭೂಮಿ. ಸೊಪ್ಪು, ಹುಲ್ಲು, ಸೌದೆಗೆ ವರ್ಗದಾರನಿಗೆ ಅದರ ಮೇಲೆ ಸವಲತ್ತು. ದಾಖಲೆಯಲ್ಲಿ ಅದು ಸರಕಾರದ್ದು, ಮನಸ್ಸಿನಲ್ಲಿ ಅಜ್ಜನದ್ದು. ಈಗ ಹೆಚ್ಚಿನ ಕಡೆ ಅದರ ಮೇಲೆ ಅಡಿಕೆ, ರಬ್ಬರ್ ನಿಂತಿದೆ.

ಇಲ್ಲಿಗೆ ಒಬ್ಬ ಮಾಜಿ ಸೈನಿಕ ಬರುತ್ತಾನೆ. 1969ರ ಭೂ ಮಂಜೂರಾತಿ ನಿಯಮಗಳು ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಇಟ್ಟಿವೆ. ಆತ ಅರ್ಜಿ ಹಾಕುತ್ತಾನೆ, ಗ್ರಾಮದಲ್ಲಿ ಜಾಗ ತೋರಿಸಿ ಎಂದು ಕೇಳುತ್ತಾನೆ. ಗ್ರಾಮಕರಣಿಕ ನಕ್ಷೆ ಬಿಡಿಸುತ್ತಾನೆ: ಈ ಕಡೆ ಅರಣ್ಯ, ಆ ಕಡೆ ಇನ್ನೊಬ್ಬರ ಕುಮ್ಕಿ, ನಡುವೆ ಗೋಮಾಳ ಇಲ್ಲವೇ ಶಾಲೆಗೆ ಕಾದಿರಿಸಿದ್ದು. ಸೈನಿಕನಿಗೆ ಕೊಡಬೇಕೆಂದು ಸಭೆಯಲ್ಲಿ ಎಲ್ಲರೂ ಕೈಯೆತ್ತುತ್ತಾರೆ. ತನ್ನ ತೋಟದ ಬದಿಯಲ್ಲಿ ಕೊಡಬೇಡಿ ಎಂದು ಸಂಜೆ ಒಬ್ಬೊಬ್ಬರೇ ಮನೆಗೆ ಬಂದು ಹೇಳುತ್ತಾರೆ. ನಾನು ಅಧ್ಯಕ್ಷನಾಗಿದ್ದಾಗ ಹೀಗೆ ಹೇಳಲು ಬಂದವರಲ್ಲಿ ನನ್ನ ಹತ್ತಿರದ ನೆಂಟರೂ ಇದ್ದರು. ಸೈನಿಕನ ಪರ ನಿಂತರೆ ಹತ್ತು ಮನೆ ದೂರ, ನಿಲ್ಲದಿದ್ದರೆ ನೀನೆಂಥ ಮಿಲಿಟ್ರಿಯವನು ಎಂಬ ಮಾತು. ತಹಶೀಲ್ದಾರರ ಕಚೇರಿಯಲ್ಲಿ ಕೂತು, ಸರ್ವೆ ನಂಬರ್ ಹಿಡಿದು, ಯಾವ ತುಂಡಿನ ಮೇಲೆ ಯಾರ ಹಕ್ಕೂ ಇಲ್ಲವೆಂದು ಹುಡುಕುವುದೊಂದೇ ದಾರಿ. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಭಾಷಣದಿಂದ ಒಂದು ಸೆಂಟ್ಸೂ ಸಿಗುವುದಿಲ್ಲ.

ಸೈನ್ಯದಲ್ಲಿ ನಕ್ಷೆ ಓದಲು ಕಲಿತವರಿಗೆ ಗ್ರಾಮನಕ್ಷೆ ಓದುವುದು ಕಷ್ಟವಲ್ಲ. ನಮಗೆ ನಿಜವಾಗಿ ಉಪಯೋಗಕ್ಕೆ ಬರುವ ತರಬೇತಿ ಇದು, ಪರೇಡ್ ಅಲ್ಲ. ಎಫ್‌ಎಂಬಿ, ಆಕಾರ್‌ಬಂದ್, ಆರ್‌ಟಿಸಿ ಈ ಮೂರು ಜಮೀನು ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಲು ಬಂದರೆ ಊರಿನಲ್ಲಿ ಅರ್ಧ ನಾಯಕರಾದಂತೆ. ಎಷ್ಟೋ ಹಿರಿಯ ರಾಜಕಾರಣಿಗಳಿಗೆ ಅದು ಬರುವುದಿಲ್ಲ ಎಂಬುದನ್ನು ಗುಟ್ಟಾಗಿ ಹೇಳುತ್ತಿದ್ದೇನೆ.

3. ಆದೇಶ ಸಿಕ್ಕಿದಲ್ಲಿಂದ ಕೆಲಸ ಶುರು

ಯೂನಿಟ್‌ನಲ್ಲಿ ಸಿಒ ಸಾಹೇಬರು ಹೇಳಿದರೆಂದರೆ ಮಾತು ಮುಗಿಯಿತು. ಸೇತುವೆ ಬೇಕೆಂದರೆ ಇಂಜಿನಿಯರ್ ರೆಜಿಮೆಂಟ್ ಬೆಳಗಾಗುವುದರೊಳಗೆ ಬೈಲಿ ಸೇತುವೆ ಜೋಡಿಸುತ್ತದೆ. ಪಂಚಾಯಿತಿಯಲ್ಲಿ ಆದೇಶ ಪ್ರತಿ ಕೈಗೆ ಬಂದ ದಿನ ನಿಮ್ಮ ಕೆಲಸ ಶುರುವಾಗುತ್ತದೆ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ, ಟೆಂಡರ್, ಅಷ್ಟರಲ್ಲಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಯಾವ ಕಾಮಗಾರಿಯೂ ನಡೆಯುವುದಿಲ್ಲ. ಮಾರ್ಚ್‌ನಲ್ಲಿ ಅನುದಾನ ವಾಪಸ್ ಹೋಗುತ್ತದೆ. ನಡುವೆ ಸಿಗುವುದು ಐದಾರು ತಿಂಗಳು. ಅದರಲ್ಲೇ ನೀತಿಸಂಹಿತೆಯೂ ಬಂದರೆ ಮುಗಿಯಿತು.

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಹೊಸ್ಮಠದಲ್ಲಿದ್ದ ಮುಳುಗು ಸೇತುವೆಯನ್ನು ನಮ್ಮ ತಲೆಮಾರಿನವರು ಮರೆಯಲಾರರು. ಗುಂಡ್ಯ ಹೊಳೆ ಏರಿದರೆ ಸೇತುವೆ ಮಾಯ. ಬಸ್ಸುಗಳು ಎರಡೂ ದಡದಲ್ಲಿ ಸಾಲುಗಟ್ಟುತ್ತಿದ್ದವು, ನೀರು ಇಳಿಯುವವರೆಗೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಹೊಸ ಎತ್ತರದ ಸೇತುವೆ ಬರಲು ಎಷ್ಟು ಮನವಿ, ಎಷ್ಟು ಮಳೆಗಾಲ ಬೇಕಾಯಿತು! ಒಳಗಿನ ಗ್ರಾಮಗಳಲ್ಲಿ ಅಡಿಕೆ ಮರದ ಪಾಲದ ಮೇಲೆ ಶಾಲೆಗೆ ಹೋಗುವ ಮಕ್ಕಳು ಈಗಲೂ ಇದ್ದಾರೆ.

ಹಣದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದ್ದು 2 ಕೋಟಿ. ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿದ್ದರೆ ಒಂದೊಂದರ ಪಾಲಿಗೆ ಅರುವತ್ತು ಲಕ್ಷ ಚಿಲ್ಲರೆ. ಅದರಲ್ಲಿ ಒಂದು ಒಳ್ಳೆಯ ಸೇತುವೆ ಆಗುವುದಿಲ್ಲ. ಉಳಿದದ್ದನ್ನು ಲೋಕೋಪಯೋಗಿ, ನೀರಾವರಿ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ಬಾಗಿಲಿಗೆ ಹೋಗಿ ಕೇಳಿಯೇ ತರಬೇಕು. ಕೇಳುವುದಕ್ಕೆ ನಾಚಿಕೆಪಡುವವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಸೈನ್ಯದಿಂದ ಬಂದವರಲ್ಲಿ ಈ ನಾಚಿಕೆ ಬಹಳ. ಬೇಡುವುದು ಎಂದರೆ ಮರ್ಯಾದೆ ಹೋಯಿತು ಎಂದುಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಪಲ್ಟನ್ನಿನ ಪಾಠ ನೇರವಾಗಿ ಕೆಲಸಕ್ಕೆ ಬಂತು. ನಮ್ಮಲ್ಲಿ ದರ್ಬಾರ್ ನಡೆಯುತ್ತಿತ್ತು. ಜವಾನ ಎದ್ದು ನಿಂತು ಕಮಾಂಡಿಂಗ್ ಆಫೀಸರ್ ಎದುರು ಊಟದಿಂದ ಹಿಡಿದು ರಜೆಯವರೆಗೆ ದೂರು ಹೇಳಬಹುದು, ಹೇಳಿದ್ದು ಬರಹಕ್ಕೆ ಬರುತ್ತದೆ, ಮುಂದಿನ ಸಲ ಉತ್ತರ ಸಿಗುತ್ತದೆ. ಗ್ರಾಮಸಭೆಯಲ್ಲಿ ನಾನು ಅದನ್ನೇ ಹಿಡಿದೆ. ಹಿಂದಿನ ಸಭೆಯ ದೂರುಗಳನ್ನು ಒಂದೊಂದಾಗಿ ಓದಿ, ಆಯಿತು, ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಹೇಳಿದ ಮೇಲಷ್ಟೇ ಹೊಸ ವಿಷಯ. ಪಿಡಿಒ ಅವರಿಗೆ ಮೊದಮೊದಲು ಇದು ರುಚಿಸಲಿಲ್ಲ. 'ಆಗಲಿಲ್ಲ' ಎಂದು ಮೈಕಿನಲ್ಲಿ ಹೇಳಿದರೆ ಜನ ಬೈಯುತ್ತಾರೆ ಎಂಬ ಅವರ ಹೆದರಿಕೆ ಸುಳ್ಳಲ್ಲ, ಬೈದರು. ಆದರೆ ಬೈಯಲಾದರೂ ಸಭೆಗೆ ಬರತೊಡಗಿದರು.

4. ಕಾರ್ಯಕರ್ತ ಜವಾನನಲ್ಲ

ಇದು ಅಧಿಕಾರಿಗಳಾಗಿದ್ದವರಿಗೆ ಅರ್ಥವಾಗುವುದು ಇನ್ನೂ ಕಷ್ಟ. ಜವಾನನಿಗೆ ಸಂಬಳವಿದೆ, ಸರ್ವಿಸ್ ಬುಕ್ ಇದೆ, ಹೇಳಿದ್ದು ಕೇಳದಿದ್ದರೆ ಕ್ವಾರ್ಟರ್ ಗಾರ್ಡ್ ಇದೆ. ಕಾರ್ಯಕರ್ತ ತನ್ನ ಬೈಕಿಗೆ ತಾನೇ ಪೆಟ್ರೋಲ್ ಹಾಕಿಕೊಂಡು ಬರುತ್ತಾನೆ. ನಾಳೆ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಪುತ್ತೂರು ಇದಕ್ಕೆ ದೊಡ್ಡ ಪಾಠಶಾಲೆ. 2004ರಲ್ಲಿ ಬಿಜೆಪಿಯಿಂದ ಗೆದ್ದ ಶಕುಂತಲಾ ಶೆಟ್ಟಿ 2008ರಲ್ಲಿ ಪಕ್ಷದ ಎದುರೇ ನಿಂತು ಸೋತು, 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದು ಬಂದರು. 2023ರದ್ದು ಇನ್ನೂ ಹಸಿಯಾಗಿದೆ. ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು 62,458 ಮತ ಪಡೆದರು. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 66,607 ಪಡೆದು ಗೆದ್ದರು. ಅಂತರ 4,149. ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಹೋದರು. ಶಿಸ್ತಿಗೆ ಹೆಸರಾದ ಪಕ್ಷದ, ಶಿಸ್ತಿಗೆ ಹೆಸರಾದ ಊರಿನಲ್ಲಿ ಇದಾಯಿತು. ಅದಕ್ಕೂ ಹಿಂದಿನ ವರ್ಷ, 2022ರ ಜುಲೈಯಲ್ಲಿ ಬೆಳ್ಳಾರೆಯಲ್ಲಿ ಕೊಲೆಯಾದ ಯುವ ಕಾರ್ಯಕರ್ತನ ಅಂತಿಮ ದರ್ಶನಕ್ಕೆ ಬಂದ ಬಿಜೆಪಿ ರಾಜ್ಯಾಧ್ಯಕ್ಷರ ಕಾರನ್ನು ಅವರದೇ ಕಾರ್ಯಕರ್ತರು ಸುತ್ತುವರಿದು ಅಲುಗಾಡಿಸಿದ್ದರು. ಎರಡೂ ಕಡೆ ಮೇಲಿನವರು ಕೆಳಗಿನವರ ಮನಸ್ಸನ್ನು ಓದಿರಲಿಲ್ಲ, ಅಷ್ಟೆ. ಸೈನ್ಯದಲ್ಲಿ ಇದಕ್ಕೆ ದಂಗೆ ಎನ್ನುತ್ತಾರೆ. ಇಲ್ಲಿ ಅದಕ್ಕೆ ಮತದಾನದ ಹಕ್ಕಿದೆ.

ಹಾಗಾಗಿ ಧ್ವನಿ ತಗ್ಗಿಸಿ. 'ಬನ್ನಿ' ಎನ್ನುವುದನ್ನು ರೂಢಿಸಿಕೊಳ್ಳಿ. ಬೂತಿನ ಹುಡುಗರ ಮನೆಯ ಮದುವೆ, ಬೊಜ್ಜ, ಗೃಹಪ್ರವೇಶ ಯಾವುದನ್ನೂ ತಪ್ಪಿಸಬೇಡಿ. ಊಟ ಮಾಡದೆ ಎದ್ದು ಬರಬೇಡಿ.

5. ಮಂತ್ರಿಗಿರಿ ಕೆಲಸ ನೋಡಿ ಬರುವುದಲ್ಲ

2003ರ ಸಂವಿಧಾನ ತಿದ್ದುಪಡಿಯ ನಂತರ ಸದನದ ಬಲದ ಶೇಕಡಾ 15ಕ್ಕಿಂತ ಹೆಚ್ಚು ಮಂತ್ರಿಗಳನ್ನು ಮಾಡುವ ಹಾಗಿಲ್ಲ. ಕರ್ನಾಟಕದ 224ರಲ್ಲಿ ಮುಖ್ಯಮಂತ್ರಿಯೂ ಸೇರಿ 34 ಕುರ್ಚಿ. ಜಿಲ್ಲೆ, ಜಾತಿ, ಬಣ, ಹಿರಿತನ ಎಲ್ಲವೂ ಆ 34ರೊಳಗೆ ಹೊಂದಬೇಕು. ಅರ್ಹತೆಯ ಮಾತು ಆಮೇಲೆ.

ಅಂಗಾರರನ್ನೇ ನೋಡಿ. ಪರಿಶಿಷ್ಟ ಜಾತಿಗೆ ಮೀಸಲಾದ ಸುಳ್ಯದಿಂದ 1994ರಿಂದ 2018ರವರೆಗೆ ಸತತ ಆರು ಸಲ ಗೆದ್ದರು. ಮಂತ್ರಿಯಾದದ್ದು 2021ರ ಜನವರಿಯಲ್ಲಿ. ಕೊಟ್ಟ ಖಾತೆ ಮೀನುಗಾರಿಕೆ, ಬಂದರು, ಒಳನಾಡು ಜಲಸಾರಿಗೆ. ಸುಳ್ಯಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ನಮ್ಮ ಕಡೆಯವರು ಆಗ ನಕ್ಕರು; ಪಯಸ್ವಿನಿಯಲ್ಲಿ ಬಂದರು ಕಟ್ಟಿಸುತ್ತಾರೆಯೇ ಎಂದು ಕೇಳಿದವರೂ ಉಂಟು. 2023ರಲ್ಲಿ ಟಿಕೆಟೇ ಸಿಗಲಿಲ್ಲ. ಸದಾನಂದ ಗೌಡರು ಪುತ್ತೂರಿನಿಂದ 1994, 1999ರಲ್ಲಿ ಶಾಸಕರಾಗಿ ಮೇಲೆ ಹೋದವರು. 2011ರ ಆಗಸ್ಟ್‌ನಿಂದ 2012ರ ಜುಲೈವರೆಗೆ ಮುಖ್ಯಮಂತ್ರಿ, ವರ್ಷ ತುಂಬಲಿಲ್ಲ. 2014ರಲ್ಲಿ ರೈಲ್ವೆ ಮಂತ್ರಿಯಾಗಿ ಬಜೆಟ್ ಮಂಡಿಸಿದರು, ಅದೇ ವರ್ಷ ನವೆಂಬರ್‌ನಲ್ಲಿ ಖಾತೆ ಬದಲಾಯಿತು. ಸೈನ್ಯದಲ್ಲಿ ಪೋಸ್ಟಿಂಗ್ ಆರ್ಡರ್ ಬಂದರೆ ಎರಡು ಮೂರು ವರ್ಷದ ಭರವಸೆಯಾದರೂ ಇರುತ್ತದೆ.

ಸೈನಿಕ ಮಂತ್ರಿಗಳ ಪೈಕಿ ನಾನು ಹೆಚ್ಚು ಗಮನಿಸಿದ್ದು ಖಂಡೂರಿಯವರನ್ನು. ಇಂಜಿನಿಯರ್ಸ್‌ನಿಂದ ಬಂದವರು ಹೆದ್ದಾರಿ ಖಾತೆಗೆ ಕೂತದ್ದು ಸರಿಯಾದ ಮನುಷ್ಯ ಸರಿಯಾದ ಜಾಗಕ್ಕೆ ಬಂದ ಅಪರೂಪದ ಸಂದರ್ಭ. ಸುವರ್ಣ ಚತುಷ್ಪಥದ ಕಾಲ ಅದು. 2007ರಲ್ಲಿ ಮುಖ್ಯಮಂತ್ರಿಯಾದರು. 2009ರ ಲೋಕಸಭೆಯಲ್ಲಿ ಪಕ್ಷ ಉತ್ತರಾಖಂಡದ ಐದೂ ಸ್ಥಾನ ಸೋತಿತು, ಇವರು ಇಳಿದರು. 2011ರಲ್ಲಿ ಮತ್ತೆ ಕರೆತಂದು, 2012ರ ಚುನಾವಣೆಯನ್ನು ಅವರ ಹೆಸರಿನಲ್ಲೇ ಎದುರಿಸಿದರು. ಕಾಂಗ್ರೆಸ್ 32, ಬಿಜೆಪಿ 31. ಖಂಡೂರಿ ತಮ್ಮ ಕೋಟದ್ವಾರ ಕ್ಷೇತ್ರದಲ್ಲೇ ಸೋತಿದ್ದರು. ರಾಜ್ಯವೆಲ್ಲ ಬೇಕೆನ್ನುವ ಮನುಷ್ಯ ತನ್ನ ಬೂತುಗಳಲ್ಲಿ ಸೋಲಬಹುದು. ಆಮೇಲೆ ಲೋಕಸಭೆಗೆ ಹೋಗಿ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. ಸೇನೆಯ ಸಲಕರಣೆಗಳಲ್ಲಿ ಶೇಕಡಾ 68 ಹಳೆಯ ಕಾಲದವು ಎಂಬ ಸೇನೆಯದೇ ಮಾತು 2018ರ ಮಾರ್ಚ್‌ನಲ್ಲಿ ಆ ಸಮಿತಿಯ ವರದಿಯಲ್ಲಿ ಬಂತು. ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷತೆ ಬೇರೆಯವರಿಗೆ ಹೋಯಿತು. ಒಂದಕ್ಕೊಂದು ಗಂಟು ಹಾಕುವುದು ನನ್ನ ಕೆಲಸವಲ್ಲ. ವರದಿ ಬರೆದದ್ದು ಸರಿ ಎಂದು ಮಾತ್ರ ಹೇಳುತ್ತೇನೆ.

6. ಸಮವಸ್ತ್ರ ಪೆಟ್ಟಿಗೆಯಲ್ಲಿರಲಿ

ಸರ್ವಿಸ್‌ನಲ್ಲಿರುವವರೆಗೆ ರಾಜಕೀಯ ಸಭೆಗೆ ಹೋಗುವಂತಿಲ್ಲ ಎಂದು 1954ರ ಸೇನಾ ನಿಯಮಗಳೇ ಹೇಳುತ್ತವೆ. ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲಿ ಹೇಳಿ, 2019ರಲ್ಲಿ ಮತ್ತೆ ನೆನಪಿಸಿತು. ನಿವೃತ್ತರಾದವರು ಪದಕ ತೊಟ್ಟು ವೇದಿಕೆ ಹತ್ತುವುದು ಕಂಡಾಗ ನನಗೆ ಮುಜುಗರ. ಪದಕ ಕೊಟ್ಟದ್ದು ದೇಶ, ಅಭ್ಯರ್ಥಿ ಮಾಡಿದ್ದು ಪಕ್ಷ.

ಗಡಿಯ ಕಥೆ ಎಲ್ಲರೂ ಕೇಳುತ್ತಾರೆ, ಮೊದಲ ಸಲ ಚೆನ್ನಾಗಿಯೇ ಕೇಳುತ್ತಾರೆ. ಎರಡನೆಯ ಸಲಕ್ಕೆ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಕಲ್ಮಕಾರು, ಕೊಲ್ಲಮೊಗ್ರದ ಕಡೆ ತೋಟ ಕಳೆದುಕೊಂಡವನ ಎದುರು ಸಿಯಾಚಿನ್ ಹಿಮದ ಮಾತು ಎಷ್ಟು ಹೊತ್ತು ನಿಲ್ಲುತ್ತದೆ? ಸಂಪಾಜೆ, ಅರಂತೋಡಿನಲ್ಲಿ ಹಳದಿ ಎಲೆ ರೋಗದಿಂದ ಅಡಿಕೆ ಬಿಟ್ಟು ರಬ್ಬರಿಗೆ ಹೋದವರ ಮನೆಯಲ್ಲಿ ಕೂತು, ಅವರು ಹೇಳುವುದನ್ನು ಬರೆದುಕೊಳ್ಳಿ.

7. ಹಿಂದಿ ಮರೆಯಿರಿ, ಮನೆಯ ಭಾಷೆ ನೆನಪಿಸಿಕೊಳ್ಳಿ

ಪಲ್ಟನ್ನಿನ ಹಿಂದಿ ನಾಲಿಗೆಗೆ ಹತ್ತಿಬಿಡುತ್ತದೆ. ಊರಿಗೆ ಬಂದ ಮೇಲೂ 'ಠೀಕ್ ಹೈ' ಎನ್ನುವವರನ್ನು ಜನ ಹೊರಗಿನವರಂತೆ ನೋಡುತ್ತಾರೆ. ಇಲ್ಲಿ ಅಂಗಡಿಯಲ್ಲಿ ತುಳು, ಗೌಡರ ಮನೆಯಲ್ಲಿ ಅರೆಭಾಷೆ, ಹವ್ಯಕರ ಚಾವಡಿಯಲ್ಲಿ ಹವಿಗನ್ನಡ, ಮಸೀದಿಯ ಬಳಿ ಬ್ಯಾರಿ, ಗಡಿಯ ಕಡೆ ಮಲಯಾಳ. ಭಾಷಣ ಶುದ್ಧ ಕನ್ನಡದಲ್ಲಿರಲಿ, ಮತ ಕೇಳುವುದು ಅವರವರ ಭಾಷೆಯಲ್ಲಿ.

ಒಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳನ್ನು ನಮ್ಮ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಅರಣ್ಯ ಅಭಿವೃದ್ಧಿ ನಿಗಮದ ಕಾಲೊನಿಗಳಲ್ಲಿ ಅವರ ಮೊಮ್ಮಕ್ಕಳು ಈಗ ಮತದಾರರು. ಮದ್ರಾಸ್ ರೆಜಿಮೆಂಟಿನವರ ಜೊತೆ ಇದ್ದುದರಿಂದ ನನಗೆ ಅಷ್ಟಿಷ್ಟು ತಮಿಳು ಬರುತ್ತಿತ್ತು. ಜಾತಿ ಪ್ರಮಾಣಪತ್ರ, ಮನೆಯ ದುರಸ್ತಿ ಎಂದು ಅವರು ಹೇಳಿಕೊಂಡದ್ದು ಆ ಭಾಷೆಯಲ್ಲಿ. ಕನ್ನಡದಲ್ಲಿ ಕೇಳಿದಾಗ ಎಲ್ಲ ಚೆನ್ನಾಗಿದೆ ಎಂದೇ ಹೇಳಿದ್ದರು.

8. ನೆರೆ, ಆನೆ, ಗುಡ್ಡ ಜರಿತ: ಇಲ್ಲಿ ಮಿಲಿಟ್ರಿಯವನು ಬೇಕು

ಆಜ್ಞೆಯ ಧಾಟಿ ಬಿಡಿ ಎಂದೆ. ಅದನ್ನು ಮತ್ತೆ ತೊಡಬಹುದಾದ ಸಂದರ್ಭ ಇದೊಂದೇ. ಮಳೆಗಾಲದ ರಾತ್ರಿ ಗುಡ್ಡ ಜರಿದರೆ ಯಾರು ಹಗ್ಗ ತರಬೇಕು, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಜೀಪಿಗೆ ಡೀಸೆಲ್ ಇದೆ ಎಂದು ಹೇಳುವವನು ಒಬ್ಬ ಬೇಕಾಗುತ್ತದೆ. ಮೇ ತಿಂಗಳಲ್ಲೇ ಈ ಪಟ್ಟಿ ಮಾಡಿಟ್ಟುಕೊಳ್ಳಿ. ಸ್ಟೋರಿನಲ್ಲಿ ಲೆಡ್ಜರ್ ಬರೆದ ಕೈಗೆ ಇದು ಹೊಸದಲ್ಲ. ಜನರಲ್ ವಿ.ಕೆ. ಸಿಂಗ್ ಮಂತ್ರಿಯಾಗಿ ಏನು ಮಾಡಿದರು ಎಂಬುದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. 2015ರಲ್ಲಿ ಯೆಮನ್‌ನಿಂದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಾಗ ಅವರು ದೆಹಲಿಯಲ್ಲಿ ಕೂರದೆ ಜಿಬೂಟಿಗೆ ಹೋಗಿ ನಿಂತರು. ಗಲ್ಫಿನಲ್ಲಿ ಮಕ್ಕಳಿರುವ ನಮ್ಮ ಜಿಲ್ಲೆಯ ಮನೆಗಳಿಗೆ ಆ ಸುದ್ದಿಯ ಬೆಲೆ ಗೊತ್ತು.

ಆದರೆ ಒಂದು ಎಚ್ಚರ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಿಗ್ಗೆ ಕಾಡಾನೆ ಇಬ್ಬರನ್ನು ಕೊಂದಿತು. ಸಾಕಾನೆಗಳನ್ನು ತರಿಸಿ ಕಾರ್ಯಾಚರಣೆ ನಡೆಸಿ ಕೆಲವೇ ದಿನದಲ್ಲಿ ಒಂದು ಆನೆಯನ್ನು ಹಿಡಿದರು. ನಮ್ಮ ಭಾಷೆಯಲ್ಲಿ ಗುರಿ ತಲುಪಿದ ಹಾಗಾಯಿತು. ಜನ ಸುಮ್ಮನಾಗಲಿಲ್ಲ, ಉಳಿದ ಆನೆಗಳೆಲ್ಲಿ ಎಂದು ಅರಣ್ಯ ಇಲಾಖೆಯ ವಾಹನಗಳನ್ನು ತಡೆದರು. ಸರಿಯಾಗಿಯೇ ಕೇಳಿದರು. ನಾಳೆ ಬೆಳಿಗ್ಗೆ ಹಾಲು ಹಾಕಲು ಡೇರಿಗೆ ನಡೆದು ಹೋಗಬೇಕಾದವರು ಅವರು. ಕಾರ್ಯಾಚರಣೆ ಮುಗಿಸಿ ಹಿಂದಿರುಗುವ ಬ್ಯಾರಕ್ ರಾಜಕಾರಣಿಗೆ ಇಲ್ಲ.

9. ಮಾಜಿ ಸೈನಿಕರ ಸಂಘವನ್ನು ನೆಚ್ಚಬೇಡಿ

ನಮ್ಮವರ ಮತ ನಮಗೇ ಎಂದುಕೊಳ್ಳುವವರಿದ್ದಾರೆ. ಸಂಘದಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಇರಬೇಕು. ಕ್ಯಾಂಟೀನ್ ಕಾರ್ಡ್, ಇಸಿಎಚ್‌ಎಸ್ ಆಸ್ಪತ್ರೆ, ವಿಧವೆಯರ ಪಿಂಚಣಿ, ಸ್ಪರ್ಶ್ ಪೋರ್ಟಲಿನ ತಕರಾರು ಇವಕ್ಕೆ ಸಂಘ ಬೇಕು. ಚುನಾವಣೆಯನ್ನು ಅಲ್ಲಿಗೆ ಒಯ್ದರೆ ಎರಡೂ ಕೆಡುತ್ತವೆ.

10. ಏಣಿಯ ನಡುವಿನ ಮೆಟ್ಟಿಲು ಮುರಿದಿದೆ

ಗ್ರಾಮ ಪಂಚಾಯಿತಿಯಿಂದ ತಾಲೂಕು ಪಂಚಾಯಿತಿ, ಅಲ್ಲಿಂದ ಜಿಲ್ಲಾ ಪಂಚಾಯಿತಿ, ಆಮೇಲೆ ವಿಧಾನಸಭೆ ಎಂಬುದು ಹಳೆಯ ದಾರಿ. ಕರ್ನಾಟಕದಲ್ಲಿ ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಅಲ್ಲಿಂದ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಕೆಳಗಿನಿಂದ ಹತ್ತುವ ಹವಾಲ್ದಾರನಿಗೆ ಇದರಿಂದ ಆದ ನಷ್ಟ ದೊಡ್ಡದು. ಮೇಲಿನಿಂದ ಇಳಿಯುವ ಕ್ಯಾಪ್ಟನ್ನರಿಗೆ ಮೆಟ್ಟಿಲು ಬೇಕಾಗುವುದಿಲ್ಲ. ಬ್ರಿಜೇಶ್ ಚೌಟರಿಗೂ ಟಿಕೆಟ್ ಆಕಾಶದಿಂದ ಬೀಳಲಿಲ್ಲ, ಪಕ್ಷದ ರಾಜ್ಯ ಕಾರ್ಯದರ್ಶಿಯಾಗಿದ್ದರು, 2017ರಿಂದ ಮಂಗಳೂರು ಕಂಬಳ ನಡೆಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಅವರನ್ನು ಕಂಡವರು ಸಮವಸ್ತ್ರದಲ್ಲಿ ಕಂಡವರಿಗಿಂತ ಖಂಡಿತ ಹೆಚ್ಚು. 1,49,208 ಮತಗಳ ಅಂತರದಲ್ಲಿ ಗೆದ್ದರು.

ಇನ್ನೊಂದು ಕಡೆ ನೋಡಿದರೆ, ಸಂಪಾಜೆ ಘಟ್ಟ ಹತ್ತಿದರೆ ಸಿಗುವ ಕೊಡಗು ದೇಶಕ್ಕೆ ಕೊಟ್ಟ ಅತಿ ದೊಡ್ಡ ಸೈನಿಕ ಕಾರ್ಯಪ್ಪನವರು 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕನಿಗೆ ಮುಂಬಯಿಯ ಮತದಾರ ಗೌರವ ಕೊಟ್ಟ, ಸ್ಥಾನ ಕೊಡಲಿಲ್ಲ. ಅದೇ ಕೊಡಗಿನ, ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂತೆಗೆದುಕೊಂಡರು. ನಿವೃತ್ತಿಯ ನಂತರ ಚುನಾವಣೆಯ ತಂಟೆಗೆ ಹೋಗದೆ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು, 1965ರಲ್ಲಿ ಅಲ್ಲೇ ತೀರಿಕೊಂಡರು.

ಸುಳ್ಯ ಕ್ಷೇತ್ರ ಮೀಸಲು ಇರುವುದರಿಂದ ಸುಳ್ಯ, ಕಡಬದ ಸಾಮಾನ್ಯ ವರ್ಗದ ಮಾಜಿ ಸೈನಿಕನಿಗೆ ಸ್ವಂತ ಊರಿನಲ್ಲಿ ವಿಧಾನಸಭೆಗೆ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಪರಿಶಿಷ್ಟ ಜಾತಿಯ ಹುಡುಗರು ಸೇನೆಯಿಂದ ಬಂದವರಿದ್ದರೆ ಅವರಿಗೆ ನಾನು ಬೇರೆಯೇ ಸಲಹೆ ಕೊಡುತ್ತೇನೆ, ದಯವಿಟ್ಟು ಫೋನ್ ಮಾಡಿ. ಉಳಿದವರಿಗೆ ಇರುವುದು ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಬ್ಯಾಲೆಟ್ಟಿನಲ್ಲಿ ಗ್ಯಾಸ್ ಸಿಲಿಂಡರ್, ಟ್ರ್ಯಾಕ್ಟರ್ ಇರುತ್ತವೆ, ವಾರ್ಡಿನಲ್ಲಿ ಕೆಲವು ನೂರು ಮತ. ನಾಮಪತ್ರದ ಜೊತೆ ಆಸ್ತಿ ವಿವರ ಕೊಡಬೇಕು, ಪಿಂಚಣಿಯನ್ನೂ ಬರೆಯಿರಿ. ಮನೆತೆರಿಗೆ ಬಾಕಿ ಇದ್ದರೆ ಮೊದಲು ಕಟ್ಟಿ ರಶೀದಿ ಇಟ್ಟುಕೊಳ್ಳಿ. ಪರಿಶೀಲನೆಯ ದಿನ ಎದುರಾಳಿ ಮೊದಲು ಹುಡುಕುವುದು ಅದನ್ನೇ. ಆಮೇಲೆ ಗ್ರಾಮನಕ್ಷೆಯ ಒಂದು ಪ್ರತಿ ತೆಗೆಸಿ, ವಾರ್ಡಿನ ಮೇಲಿನ ಮನೆಯಿಂದ ನಡೆಯಲು ಶುರುಮಾಡಿ. ರಸ್ತೆ ಬದಿಯ ಮನೆಗಳಿಗೆ ಎಲ್ಲರೂ ಹೋಗಿರುತ್ತಾರೆ.